ಮಾಂಸವೊಂದನ್ನೇ ಉಂಡು ಬದುಕಿದ ಸಾಹಸಿ ಸ್ಟೆಫಾನ್ಸನ್

ಅತ್ತಿಬೆಲೆ: ಬೆಂಗಳೂರಿನಿಂದ ಹೊಸೂರಿನತ್ತ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ಗಡಿ ಮುಗಿಯುವುದು ಆನೇಕಲ್ ತಾಲೂಕಿನ ಅತ್ತಿಬೆಲೆಯಲ್ಲಿ. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದವರಿಗೆ, ಲಾರಿ ಚಾಲಕರಿಗೆ, ಎಲೆಕ್ಟ್ರಾನಿಕ್ ಸಿಟಿಯಿಂದ ಮರಳುವ ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಈ ಭಾಗದ ಮಾಂಸಾಹಾರಿ ಹೋಟೆಲುಗಳಲ್ಲಿ ರಾಗಿಮುದ್ದೆ ಮತ್ತು ಮಾಂಸದ ಸಾರು ಬೇರ್ಪಡಿಸಲಾಗದ ಜೋಡಿ. ಆ ಜೋಡಿಯನ್ನೇ ಮುರಿಯುವ ಪಥ್ಯವೊಂದು ಈಗ ಮೊಬೈಲ್ ಪರದೆಯ ಮೂಲಕ ನಮ್ಮ ಐಟಿ ವಲಯವನ್ನು ಪ್ರವೇಶಿಸಿದೆ. ಮುದ್ದೆ ಬೇಡ, ಅನ್ನ ಬೇಡ, ಸೊಪ್ಪು, ತರಕಾರಿ, ಹಣ್ಣು ಕೂಡ ಬೇಡ. ಮಾಂಸ, ಮೊಟ್ಟೆ, ಕೊಬ್ಬು ಇದ್ದರೆ ಸಾಕು ಎಂಬುದು ಅದರ ಸಾರ.

ಈ ಪಥ್ಯದ ಪ್ರತಿಪಾದಕರು ಸಾಕ್ಷಿಗೆ ಕರೆಯುವ ಹೆಸರು ವಿಲ್ಹ್ಯಾಲ್ಮುರ್ ಸ್ಟೆಫಾನ್ಸನ್. ಒಂದು ಕಾಲದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಮನೆಮಾತಾಗಿದ್ದ ಉತ್ತರ ಧ್ರುವ ಪ್ರದೇಶದ ಅನ್ವೇಷಕ. ಆದರೆ ಆತನ ಬದುಕಿನ ಅರ್ಧಭಾಗವನ್ನಷ್ಟೇ ಹೇಳಿ ಉಳಿದರ್ಧವನ್ನು ಮರೆಯುವುದು ವಾಡಿಕೆಯಾಗಿದೆ.

ಸ್ಟೆಫಾನ್ಸನ್ ಜನಿಸಿದ್ದು 1879ರ ನವೆಂಬರ್ 3ರಂದು, ಕೆನಡಾದ ಮನಿಟೋಬಾ ಪ್ರಾಂತ್ಯದ ಆರ್ನೆಸ್‌ನಲ್ಲಿ. ತಂದೆ ತಾಯಿ ಐಸ್‌ಲ್ಯಾಂಡಿನಿಂದ ವಲಸೆ ಬಂದವರು. ಬಡತನ ಮತ್ತು ಕಾಯಿಲೆಗೆ ಇಬ್ಬರು ಮಕ್ಕಳನ್ನು ಕಳೆದುಕೊಂಡ ಕುಟುಂಬ ಅಮೆರಿಕದ ಡಕೋಟಾಕ್ಕೆ ಗುಳೆ ಹೋಯಿತು. ನಾರ್ತ್ ಡಕೋಟಾ ವಿಶ್ವವಿದ್ಯಾಲಯ ಈ ತಂಟೆಕೋರ ವಿದ್ಯಾರ್ಥಿಯನ್ನು ಹೊರಹಾಕಿತು. 1903ರಲ್ಲಿ ಅಯೋವಾದಲ್ಲಿ ಪದವಿ ಪಡೆದು, ಹಾರ್ವರ್ಡ್‌ನಲ್ಲಿ ಮೊದಲು ಧರ್ಮಶಾಸ್ತ್ರ, ಬಳಿಕ ಮಾನವಶಾಸ್ತ್ರ ಓದಿದ.

ಮೀನು ಕಲಿಸಿದ ಪಾಠ

1906ರಲ್ಲಿ ಒಂದು ಧ್ರುವ ತಂಡಕ್ಕೆ ಮಾನವಶಾಸ್ತ್ರಜ್ಞನಾಗಿ ಆಯ್ಕೆಯಾದ ಸ್ಟೆಫಾನ್ಸನ್, ಹಡಗನ್ನು ಬಿಟ್ಟು ಮೆಕೆಂಜಿ ನದಿಯ ದಾರಿ ಹಿಡಿದ. ಸಂಧಿಸಬೇಕಿದ್ದ ಸ್ಥಳಕ್ಕೆ ಹಡಗು ಬರಲೇ ಇಲ್ಲ. ಸಾಮಾನು ಸರಂಜಾಮುಗಳಿಲ್ಲದ ಈತನನ್ನು ಚಳಿಗಾಲವಿಡೀ ಸಾಕಿದವರು ಅಲ್ಲಿನ ಇನುಯಿಟ್ ಜನ. ಬೇಯಿಸಿದ ಮೀನು, ಹೆಪ್ಪುಗಟ್ಟಿದ ಹಸಿ ಮೀನು, ಹುಳಿ ಬಂದ ಮೀನು, ಊಟವೆಂದರೆ ಅಷ್ಟೇ. ಚಿಕ್ಕಂದಿನಿಂದ ಮೀನೆಂದರೆ ಮುಖ ಸಿಂಡರಿಸುತ್ತಿದ್ದ ಯುವಕ ಮೊದಮೊದಲು ಉಪ್ಪಿಗಾಗಿ ಹಾತೊರೆದ. ಕೆಲವು ತಿಂಗಳಲ್ಲಿ ಆ ಹಂಬಲವೂ ಹೋಯಿತು, ಆರೋಗ್ಯವೂ ಕೆಡಲಿಲ್ಲ.

ಅಲ್ಲಿ ಆತ ಗಮನಿಸಿದ ಒಂದು ಸಂಗತಿ ನಮ್ಮವರಿಗೂ ಅಪರಿಚಿತವಲ್ಲ. ಆ ಜನ ಮೀನಿನ ತಲೆಯನ್ನು ಶ್ರೇಷ್ಠ ಭಾಗವೆಂದು ಮಕ್ಕಳಿಗೆ ಕೊಡುತ್ತಿದ್ದರು. ಬೇಟೆಯ ಪ್ರಾಣಿಯಲ್ಲಿ ಕೊಬ್ಬು ತುಂಬಿದ ಭಾಗಗಳನ್ನು ತಮಗಿಟ್ಟುಕೊಂಡು, ಕೊಬ್ಬಿಲ್ಲದ ಮೆತ್ತನೆಯ ತುಂಡುಗಳನ್ನು ನಾಯಿಗಳಿಗೆ ಎಸೆಯುತ್ತಿದ್ದರು. ತಲೆಮಾಂಸ, ಕಾಲು ಸೂಪು, ಬೋಟಿಗಳಿಗೆ ಸಾಲು ನಿಲ್ಲುವ ಆನೇಕಲ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1908ರಿಂದ 1912ರವರೆಗಿನ ಎರಡನೆಯ ಯಾತ್ರೆ ಸ್ಟೆಫಾನ್ಸನ್‌ಗೆ ಕೀರ್ತಿಯನ್ನೂ ವಿವಾದವನ್ನೂ ತಂದಿತು. ಬಟ್ಟೆ ಹೊಲಿದು, ಆಹಾರ ಹದ ಮಾಡಿ ಆತನನ್ನು ಬದುಕಿಸಿದವಳು ಫ್ಯಾನಿ ಪನ್ನಿಗಬ್ಲುಕ್ ಎಂಬ ಇನುಯಿಟ್ ಮಹಿಳೆ. ಆಕೆಯಲ್ಲಿ ಪಡೆದ ಮಗನನ್ನು ಆತ ಬಹಿರಂಗವಾಗಿ ಎಂದೂ ಒಪ್ಪಿಕೊಳ್ಳಲಿಲ್ಲ. ಧ್ರುವಪ್ರದೇಶದ ಆಹಾರವನ್ನು ಜಗತ್ತಿಗೆ ಸಾರಿದವನು, ಅದನ್ನು ಬಡಿಸಿದ ಕೈಯನ್ನು ಮಾತ್ರ ಮರೆಮಾಚಿದ.

ಗೆಲುವಿನ ಪಕ್ಕದಲ್ಲೇ ಸಾವು

1913ರಲ್ಲಿ ಕೆನಡಾ ಸರ್ಕಾರದ ಬೃಹತ್ ತಂಡಕ್ಕೆ ಆತನೇ ನಾಯಕ. ಪ್ರಮುಖ ಹಡಗು ಕಾರ್ಲುಕ್ ಮಂಜುಗಡ್ಡೆಯಲ್ಲಿ ಸಿಲುಕಿತು. ಜಿಂಕೆ ಬೇಟೆಗೆಂದು ಐವರೊಡನೆ ಸ್ಟೆಫಾನ್ಸನ್ ಇಳಿದುಹೋದ ಮೇಲೆ ಹಡಗು ತೇಲಿ ದೂರವಾಯಿತು. 1914ರ ಜನವರಿಯಲ್ಲಿ ಮುಳುಗಿತು. 11 ಮಂದಿ ಪ್ರಾಣ ಕಳೆದುಕೊಂಡರು. ನಾಯಕ ತನ್ನವರನ್ನು ಕೈಬಿಟ್ಟನೆಂಬ ಆರೋಪ ಆತನನ್ನು ಕೊನೆಯವರೆಗೂ ಬೆನ್ನಟ್ಟಿತು.

ಅದೇ ವರ್ಷ ಇಬ್ಬರು ಸಂಗಡಿಗರೊಡನೆ, ಬೇಟೆಯನ್ನೇ ನಂಬಿ, ತೇಲುವ ಮಂಜುಗಡ್ಡೆಯ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ನಡೆದು ಆತ ಬ್ಯಾಂಕ್ಸ್ ದ್ವೀಪ ಸೇರಿದ. ಸತ್ತನೆಂದೇ ಎಲ್ಲರೂ ಭಾವಿಸಿದ್ದರು. ಸೀಲ್ ಪ್ರಾಣಿಯ ಮಾಂಸ ಊಟವಾಯಿತು, ಅದರ ಕೊಬ್ಬೇ ಒಲೆಗೆ ಉರುವಲಾಯಿತು. 1917ರಲ್ಲಿ ತಂಡದ ಲಾರ್ನ್ ನೈಟ್ ಮತ್ತು ಹೆರಾಲ್ಡ್ ನಾಯ್ಸ್ ಎಂಬ ಯುವಕರಿಗೆ ಸ್ಕರ್ವಿ ತಗುಲಿತು. ವಸಡು ಬಾತು, ಕೀಲು ನೋಯುವ ಈ ರೋಗಕ್ಕೆ ಕಾರಣ ಸಿ ಜೀವಸತ್ವದ ಕೊರತೆ ಎಂಬುದು ಆಗಿನ್ನೂ ಸಾಬೀತಾಗಿರಲಿಲ್ಲ. ಹಸಿ ಮತ್ತು ಅರೆಬೆಂದ ತಾಜಾ ಮಾಂಸ ಕೊಟ್ಟು ಸ್ಟೆಫಾನ್ಸನ್ ಇಬ್ಬರನ್ನೂ ಗುಣಪಡಿಸಿದ. ತಾಜಾ ಮಾಂಸದಲ್ಲಿ ಈ ಜೀವಸತ್ವ ಅಲ್ಪ ಪ್ರಮಾಣದಲ್ಲಿದೆ. ಹೆಚ್ಚು ಬೇಯಿಸಿದರೆ ನಾಶವಾಗುತ್ತದೆ. ಕುಕ್ಕರಿನಲ್ಲಿ ನಾಲ್ಕಾರು ಕೂಗು ಹೊಡೆಸುವ ನಮ್ಮ ಅಡುಗೆಯಲ್ಲಿ ಎಷ್ಟು ಉಳಿದೀತು?

1921ರಲ್ಲಿ ಆತ ಪ್ರಕಟಿಸಿದ ಪುಸ್ತಕ ಉತ್ತರ ಧ್ರುವವನ್ನು ಸ್ನೇಹಮಯಿ ಎಂದು ಬಣ್ಣಿಸಿತು. ಬೇಟೆ ಬಲ್ಲವನಿಗೆ ಅಲ್ಲಿ ಆಹಾರಕ್ಕೆ ಬರವಿಲ್ಲ ಎಂಬುದು ಅದರ ತಿರುಳು. ಅದೇ ವರ್ಷ, ಸೈಬೀರಿಯದ ಉತ್ತರಕ್ಕಿರುವ ರಾಂಗೆಲ್ ದ್ವೀಪಕ್ಕೆ ನಾಲ್ವರು ಯುವಕರನ್ನೂ, ಹೊಲಿಗೆಗೆಂದು ಅಡಾ ಬ್ಲ್ಯಾಕ್‌ಜಾಕ್ ಎಂಬ ಇನುಪಿಯಾಟ್ ಮಹಿಳೆಯನ್ನೂ ಕಳುಹಿಸಿದ. ತಾನು ಹೋಗಲಿಲ್ಲ. ಅವರ ಬಳಿಯಿದ್ದುದು ಸುಮಾರು ಆರು ತಿಂಗಳ ದಿನಸಿ. 1922ರಲ್ಲಿ ಹೊರಟ ನೆರವಿನ ಹಡಗು ಮಂಜುಗಡ್ಡೆಯಿಂದಾಗಿ ಹಿಂದಿರುಗಿತು, ಬೇಟೆಯೂ ಕೈಕೊಟ್ಟಿತು. 1923ರ ಜನವರಿಯಲ್ಲಿ ಮೂವರು ಸಹಾಯ ತರಲು ಹಿಮದ ಮೇಲೆ ನಡೆದು ಕಣ್ಮರೆಯಾದರು. ಉಳಿದವನು ಆರು ವರ್ಷಗಳ ಹಿಂದೆ ಹಸಿ ಮಾಂಸ ತಿಂದು ಚೇತರಿಸಿಕೊಂಡಿದ್ದ ಅದೇ ಲಾರ್ನ್ ನೈಟ್. ಈ ಬಾರಿ ತಾಜಾ ಮಾಂಸ ಸಾಕಷ್ಟು ದೊರೆಯಲಿಲ್ಲ. ಬೋನು ಒಡ್ಡಿ, ಬಂದೂಕು ಹಿಡಿಯುವುದನ್ನು ಕಲಿತು ಅಡಾ ಆತನನ್ನು ಉಳಿಸಲು ಹೆಣಗಿದರೂ ಜೂನ್ ತಿಂಗಳಲ್ಲಿ ನೈಟ್ ಸ್ಕರ್ವಿಯಿಂದಲೇ ಸತ್ತ. ಆಗಸ್ಟ್‌ನಲ್ಲಿ ಹಡಗು ತಂದು ಆಕೆಯನ್ನು ಕರೆದೊಯ್ದವನು ಹೆರಾಲ್ಡ್ ನಾಯ್ಸ್.

ಆಸ್ಪತ್ರೆಯಲ್ಲಿ ಒಂದು ಪ್ರಯೋಗ

ಮಾಂಸವೊಂದರಿಂದಲೇ ಬದುಕಬಹುದೆಂಬ ಮಾತನ್ನು ವೈದ್ಯರು ನಂಬಲಿಲ್ಲ. 1928ರಲ್ಲಿ ಸ್ಟೆಫಾನ್ಸನ್ ಮತ್ತು ಹಳೆಯ ಸಂಗಡಿಗ ಕಾರ್ಸ್ಟನ್ ಆಂಡರ್ಸನ್ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಗೆ ಸೇರಿದರು. ಯೂಜೀನ್ ಡುಬಾಯ್ಸ್ ನೇತೃತ್ವದ ವೈದ್ಯರು ಮೊದಲ ವಾರಗಳಲ್ಲಿ ಹಗಲಿರುಳು ಕಾವಲಿದ್ದರು. ನಂತರ ಹೊರಗಿದ್ದುಕೊಂಡೇ ಇಬ್ಬರೂ ವರ್ಷ ಪೂರೈಸಿದರು. ವೆಚ್ಚಕ್ಕೆ ನೆರವಾದದ್ದು ಅಮೆರಿಕದ ಮಾಂಸೋದ್ಯಮಿಗಳ ಸಂಸ್ಥೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಆರಂಭದಲ್ಲಿ ವೈದ್ಯರು ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟರು. ಎರಡು ಮೂರು ದಿನಗಳಲ್ಲೇ ವಾಕರಿಕೆ, ಭೇದಿ ಶುರುವಾಯಿತು. ಕೊಬ್ಬು ಸೇರಿಸಿದ ಮೇಲೆ ಗುಣವಾಯಿತು. ಪ್ರೋಟೀನನ್ನೇ ಪ್ರಧಾನವಾಗಿ ತಿಂದರೆ ದೇಹ ತಾಳದು. ಮೊಲದ ಮಾಂಸವನ್ನಷ್ಟೇ ತಿಂದು ಸೊರಗುವ ಈ ಸ್ಥಿತಿ ಕೆನಡಾದ ಬೇಟೆಗಾರರಿಗೆ ಮೊದಲೇ ಗೊತ್ತಿತ್ತು. ಚರ್ಮ ತೆಗೆದ ಕೋಳಿಯ ಎದೆಭಾಗವನ್ನೇ ಮೂರು ಹೊತ್ತು ತಿನ್ನುವವರು ಇದನ್ನು ಗಮನಿಸುವುದು ಒಳಿತು.

ನಂತರದ ಆಹಾರದಲ್ಲಿ ಶಕ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಕೊಬ್ಬಿನಿಂದಲೇ ಬರುತ್ತಿತ್ತು. ಯಕೃತ್ತು, ಮೂತ್ರಪಿಂಡ, ಮಿದುಳು, ಮೂಳೆಯ ಮಜ್ಜೆ ಎಲ್ಲವೂ ತಟ್ಟೆಯಲ್ಲಿದ್ದವು. 1930ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಇಬ್ಬರ ಮೂತ್ರಪಿಂಡಗಳಿಗೆ ಹಾನಿಯಾಗಲಿಲ್ಲ, ರಕ್ತದೊತ್ತಡ ಏರಲಿಲ್ಲ, ಸ್ಕರ್ವಿ ಬರಲಿಲ್ಲ. ಇದು ನಿಜ, ಮತ್ತು ಅಚ್ಚರಿಯೂ ಹೌದು. ಆದರೆ ಅದೇ ವರದಿ ಹೇಳುವ ಇನ್ನೊಂದು ಅಂಶವೆಂದರೆ, ಅವರಿಗೆ ದೊರೆತ ಸುಣ್ಣದಂಶ ಸಾಮಾನ್ಯ ಆಹಾರದ ಸುಮಾರು ಕಾಲುಭಾಗ ಮಾತ್ರ. ಇನುಯಿಟ್ ಜನ ಮೃದು ಮೂಳೆಗಳನ್ನು, ಮೀನಿನ ಮುಳ್ಳುಗಳನ್ನು ಅಗಿಯುತ್ತಿದ್ದರು, ಆಸ್ಪತ್ರೆಯಲ್ಲಿ ಅದಿರಲಿಲ್ಲ. ಅಲಾಸ್ಕಾದ ಎಸ್ಕಿಮೊಗಳಲ್ಲಿ ನಲವತ್ತರ ನಂತರ ಮೂಳೆ ಬೇಗ ಸವೆಯುತ್ತದೆಂದು 1974ರ ಅಧ್ಯಯನವೊಂದು ದಾಖಲಿಸಿದೆ.

ಇಲ್ಲಿ ನಮ್ಮ ಮುದ್ದೆಯ ಮಾತು ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಮಾಂಸದಲ್ಲಿ ಸಾಮಾನ್ಯವಾಗಿ 20 ಮಿಲಿಗ್ರಾಂ ಸಹ ಇರದು, ನಾರಿನಂಶವಂತೂ ಶೂನ್ಯ. ಬಿ12 ಜೀವಸತ್ವ, ದೇಹ ಸುಲಭವಾಗಿ ಹೀರಿಕೊಳ್ಳುವ ಕಬ್ಬಿಣ, ಉತ್ತಮ ಪ್ರೋಟೀನುಗಳಲ್ಲಿ ಮಾಂಸಕ್ಕೆ ಸಾಟಿಯಿಲ್ಲ ಎಂಬುದೂ ಅಷ್ಟೇ ಸತ್ಯ. ಪಿಷ್ಟ ಕಡಿಮೆಯಾದರೆ ತೂಕ ಇಳಿಯುವುದು, ಸಕ್ಕರೆ ಹತೋಟಿಗೆ ಬರುವುದು ಹಲವರ ಅನುಭವ. ಹೀಗೆ ತಿನ್ನುವ 2,029 ಮಂದಿಯ ಹೇಳಿಕೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬಹುಪಾಲು ಜನ ಸಂತೃಪ್ತಿ ವ್ಯಕ್ತಪಡಿಸಿದ್ದರು. ಆದರೆ ರಕ್ತ ಪರೀಕ್ಷೆಯ ವಿವರ ನೀಡಿದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನಲಾಗುವ ಎಲ್‌ಡಿಎಲ್‌ನ ಮಧ್ಯಮ ಪ್ರಮಾಣ 172. ಅದು 100ರೊಳಗಿರಬೇಕೆಂದು ವೈದ್ಯರು ಬಯಸುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಪಾಲ್ಗೊಂಡಿದ್ದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಸರಾಸರಿ 53ರ ಪ್ರಾಯದಲ್ಲಿ, ಇತರರಿಗಿಂತ ಸುಮಾರು ಆರು ವರ್ಷ ಮುಂಚೆ. ಹೀಗಿರುವಾಗ ಇಬ್ಬರೇ ಇಬ್ಬರು ಬಿಳಿಯರ ಒಂದು ವರ್ಷದ ಪ್ರಯೋಗವನ್ನು ನಮ್ಮ ತಟ್ಟೆಗೆ ತಂದುಕೊಳ್ಳುವುದು ದುಡುಕು ಎಂದೇ ಈ ವರದಿಗಾರನ ಅನಿಸಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಪಡೆಯುವವರು, ಮೂತ್ರಪಿಂಡದ ತೊಂದರೆ ಅಥವಾ ಗೌಟ್ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಎರಡನೆಯ ಮಹಾಯುದ್ಧದ ವೇಳೆ ಸ್ಟೆಫಾನ್ಸನ್ ಒಣಮಾಂಸ ಮತ್ತು ಕೊಬ್ಬು ಬೆರೆಸಿದ ಪೆಮಿಕನ್ ಸೈನಿಕರ ಆಹಾರವಾಗಬೇಕೆಂದು ವಾದಿಸಿದ. ಕೆನಡಾದ ಸೈನಿಕರ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವೇ ದಿನಗಳಲ್ಲಿ ಅವರ ಕಸುವು ಕುಂದಿತು. ಒಗ್ಗಿಕೊಳ್ಳಲು ಸಮಯ ಕೊಡಲಿಲ್ಲವೆಂಬುದು ಆತನ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ, ಆದರೆ ಯುದ್ಧ ಸಮಯ ಕೊಡುವುದಿಲ್ಲ.

1941ರಲ್ಲಿ ಎವಲಿನ್ ಬೇರ್ಡ್‌ಳನ್ನು ವರಿಸಿದ ಆತ ನಗರದ ಎಲ್ಲರಂತೆ ಬ್ರೆಡ್ಡು, ಆಲೂಗಡ್ಡೆ ತಿನ್ನುತ್ತಿದ್ದ. 1952ರಲ್ಲಿ ಮಿದುಳಿನ ರಕ್ತನಾಳ ಕಟ್ಟಿ ಲಘು ಆಘಾತವಾಯಿತು. ಎಪ್ಪತ್ತೈದು ದಾಟಿದ ಮೇಲೆ ಹಳೆಯ ಮಾಂಸಾಹಾರಕ್ಕೆ ಮರಳಿ, ತೂಕ ಇಳಿಸಿಕೊಂಡು ಉಲ್ಲಾಸದಿಂದಿದ್ದ. 1962ರ ಆಗಸ್ಟ್ 26ರಂದು ನ್ಯೂಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಪಾರ್ಶ್ವವಾಯುವಿನಿಂದ ನಿಧನನಾದಾಗ ಆತನಿಗೆ 82 ವರ್ಷ. ಧ್ರುವ ಪ್ರದೇಶ ಕುರಿತ ಆತನ ಅಪಾರ ಗ್ರಂಥಸಂಗ್ರಹ ಅದೇ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿದೆ. ರಾಂಗೆಲ್ ದ್ವೀಪದಿಂದ ಒಬ್ಬಳೇ ಮರಳಿದ ಅಡಾ ಬ್ಲ್ಯಾಕ್‌ಜಾಕ್ ಅಲಾಸ್ಕಾದಲ್ಲಿ 1983ರವರೆಗೂ ಬದುಕಿದ್ದಳು.