ಮುಂಬಯಿಯಿಂದ ಮಂಗಳೂರಿಗೆ ಹೋದ ಕಲ್ಲಚ್ಚು

ಜುಲೈ 1 ಬಂತೆಂದರೆ ನಮ್ಮೂರಿನ ಪತ್ರಕರ್ತ ಗೆಳೆಯರ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಗಡ್ಡದ ಒಬ್ಬ ಜರ್ಮನ್ ಪಾದ್ರಿಯ ಚಿತ್ರ ಕಾಣಿಸಿಕೊಳ್ಳುತ್ತದೆ. ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದವರು. ಬೇಲಾಪುರ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಾ ಮೊಬೈಲಿನಲ್ಲಿ ಕನ್ನಡ ಪೇಪರ್ ತಿರುಗಿಸುವ ನನ್ನಂಥವರಿಗೂ ಅವರ ಋಣವಿದೆ. ಆದರೆ ಆ ಋಣದ ಒಂದು ಪಾಲು ಮುಂಬಯಿಗೂ ಸಲ್ಲುತ್ತದೆ ಎಂಬುದು ಇಲ್ಲಿಗೆ ಬಂದು ಕೆಲವು ವರ್ಷಗಳಾದ ಮೇಲೆ ನನಗೆ ತಿಳಿಯಿತು.

ನಮ್ಮೂರು ಪುತ್ತೂರು. ಮಂಗಳೂರಿನ ಬಲ್ಮಠದ ಮೇಲೆ ನೂರಾರು ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಬಾಸೆಲ್ ಮಿಷನ್ ಎಂದರೆ ಹೆಂಚು, ಮಗ್ಗದ ಬಟ್ಟೆ, ಪ್ರೆಸ್ಸು ಎಂದಷ್ಟೇ ಗೊತ್ತಿತ್ತು. ಅದರ ಹಿಂದಿದ್ದವರೆಲ್ಲ ಒಂದು ಕಾಲಕ್ಕೆ ಊರು ಬಿಟ್ಟು, ಭಾಷೆ ಗೊತ್ತಿಲ್ಲದ ನೆಲಕ್ಕೆ ಬಂದಿಳಿದ ಇಪ್ಪತ್ತೈದು–ಮೂವತ್ತು ವಯಸ್ಸಿನ ಹುಡುಗರು ಎಂಬುದು ನಾನೇ ಊರು ಬಿಡುವವರೆಗೂ ತಲೆಗೆ ಬಂದಿರಲಿಲ್ಲ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿದರು. ಮುಂದೆ ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅಲ್ಲಿ ಅವರ ಗೆಳೆಯ. ಊರಲ್ಲೇ ಇದ್ದಿದ್ದರೆ ಒಂದು ಚರ್ಚು, ಒಂದು ಮನೆ, ನೆಮ್ಮದಿಯ ಸಂಬಳ ಸಿಗುತ್ತಿತ್ತು. 1833ರ ಸನ್ನದಿನ ನಂತರ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ಕೆಲಸ ಮಾಡಲು ದಾರಿ ತೆರೆದಿತ್ತು. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷದ ಬಳಿಕ, 1836ರಲ್ಲಿ, ಮೋಗ್ಲಿಂಗ್ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತೈದು.

ಬಂದದ್ದು ಕ್ರೈಸ್ತ ಮತ ಹರಡಲು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ, ಅವರೂ ಮುಚ್ಚಿಟ್ಟವರಲ್ಲ. ಆದರೆ ಬಂದ ಕೆಲಸಕ್ಕೆ ಮೊದಲು ಭಾಷೆ ಬೇಕಿತ್ತು. ಧಾರವಾಡದ ಕಡೆ ಕೆಲಕಾಲ ಇದ್ದು, ಆಮೇಲೆ ಮಂಗಳೂರಿಗೆ ಬಂದು, ಹುಡುಗರಿಗೆ ಶಾಲೆ ನಡೆಸುತ್ತಾ ಕನ್ನಡವನ್ನು ಗಟ್ಟಿ ಮಾಡಿಕೊಂಡರು. ಕಲೆಕ್ಟರ್ ಬ್ಲೇರ್ 1840ರಲ್ಲಿ ಬಲ್ಮಠದ ಗುಡ್ಡದ ಜಾಗವನ್ನು ಮಿಷನ್ನಿಗೆ ಕೊಟ್ಟ ಮೇಲೆ ಶಾಲೆ, ಸೆಮಿನರಿಗಳಿಗೆ ಒಂದು ನೆಲೆಯಾಯಿತು. ಪಾಠ ಹೇಳಲು ಪುಸ್ತಕ ಬೇಕು. ಪುಸ್ತಕಕ್ಕೆ ಅಚ್ಚುಕೂಟ ಬೇಕು. ಅದು ಮಂಗಳೂರಿನಲ್ಲಿ ಇರಲಿಲ್ಲ.

1841ರಲ್ಲಿ ಮೋಗ್ಲಿಂಗ್ ಅವರ ಬಂಧುವೂ ಗೆಳೆಯನೂ ಆಗಿದ್ದ ಗಾಟ್‌ಫ್ರೀಡ್ ವೈಗಲ್ ಮುಂಬಯಿಗೆ ಹೋಗಿ ಒಂದು ಕಲ್ಲಚ್ಚಿನ ಯಂತ್ರವನ್ನು ತಂದರು. ಜೊತೆಗೆ ಆ ಕೆಲಸ ಬಲ್ಲ ಇಬ್ಬರು ಮರಾಠಿ ಕೆಲಸಗಾರರೂ ಮಂಗಳೂರಿಗೆ ಬಂದರು. ಕೊಂಕಣ ರೈಲ್ವೆ ಆಗ ಕನಸಿನಲ್ಲೂ ಇರಲಿಲ್ಲ. ಇವತ್ತು ಅದರ ಮುಖ್ಯ ಕಚೇರಿ ನಮ್ಮ ಬೇಲಾಪುರದಲ್ಲೇ ಇದೆ. ಠಾಣೆ ಅಥವಾ ಪನ್ವೇಲ್‌ನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗ್ಗೆ ಕರಾವಳಿ. ಆಗ ಇದ್ದದ್ದು ಸಮುದ್ರದ ದಾರಿ, ಗಾಳಿಯನ್ನು ನಂಬಿದ ಹಾಯಿ.

ಕಲ್ಲಚ್ಚಿನ ಕೆಲಸ ಸರಳ ತತ್ವದ ಮೇಲೆ ನಿಂತಿದೆ. ಎಣ್ಣೆಗೂ ನೀರಿಗೂ ಆಗುವುದಿಲ್ಲ. ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಅಚ್ಚಿನ ಶಾಯಿ ಉರುಳಿಸಿದರೆ ಅದು ಬರಹಕ್ಕೆ ಮಾತ್ರ ಅಂಟುತ್ತದೆ. ಕಾಗದ ಒತ್ತಿದರೆ ಪುಟ ಸಿದ್ಧ. ಒತ್ತು, ಕೊಂಬು, ದೀರ್ಘಗಳಿರುವ ಕನ್ನಡಕ್ಕೆ ಒಂದೊಂದು ಅಚ್ಚುಮೊಳೆ ಎರಕ ಹೊಯ್ಯುವುದು ದುಬಾರಿ, ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಕಲ್ಲಚ್ಚಿಗೆ ಕೈಬರಹ ಚೆನ್ನಾಗಿದ್ದರೆ ಸಾಕು. ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಚೂರಾಗುತ್ತಿದ್ದ ಕಾಲದಲ್ಲಿ ಕೆಲಸ ಕಲಿತ ನನಗೆ ಈ ಕಷ್ಟ ಬೇಗ ಅರ್ಥವಾಯಿತು.

ಆ ಯಂತ್ರದಲ್ಲೇ ಎರಡು ವರ್ಷದ ನಂತರ ‘ಮಂಗಳೂರು ಸಮಾಚಾರ’ ಅಚ್ಚಾಯಿತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರಕಾರದ ಆಜ್ಞೆ, ಬೇರೆ ರಾಜ್ಯಗಳ ಸಮಾಚಾರ, ಕಥೆ, ನೀತಿಯ ಮಾತು ಅದರಲ್ಲಿ ಬರುತ್ತಿದ್ದವು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದಾಯಿತು, ಹೆಚ್ಚು ದಿನ ಉಳಿಯಲಿಲ್ಲ.

ಅದೇ 1844 ಮೋಗ್ಲಿಂಗ್ ಅವರ ಬಾಳಿನ ಬಿಸಿಯಾದ ವರ್ಷ. ಅವರ ಬಳಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಇನ್ನಿಬ್ಬರೊಡನೆ ಕ್ರೈಸ್ತನಾದ. ಊರಲ್ಲಿ ದೊಡ್ಡ ಗಲಾಟೆಯಾಯಿತು. ಮಗನನ್ನು ಕಳೆದುಕೊಂಡೆವು ಎಂದುಕೊಂಡ ಮನೆಯವರ ದುಃಖ ಸುಳ್ಳಲ್ಲ, ಗಂಡನಿಂದ ದೂರವಾದ ಆ ಮನೆಯ ಸೊಸೆಯ ಪಾಡು ಇನ್ನೂ ಕಷ್ಟದ್ದು. ಮಿಷನರಿಗೆ ದೇವರ ಕೃಪೆಯಾಗಿ ಕಂಡದ್ದು ಆ ಮನೆಗೆ ಸಿಡಿಲಾಗಿತ್ತು. ಈ ಎರಡನ್ನೂ ಒಟ್ಟಿಗೆ ನೆನಪಿಡದೆ ಮೋಗ್ಲಿಂಗ್ ಕಥೆ ಹೇಳಬಾರದು ಎಂದು ನನಗನಿಸುತ್ತದೆ. ಕೌಂಡಿನ್ಯ ಗುರುವಿನ ಹೆಸರನ್ನೇ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. 1846ರಲ್ಲಿ ಮೋಗ್ಲಿಂಗ್ ಅವರೊಡನೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು.

ಇಷ್ಟಾದ ಮೇಲೆ ಆ ಮಿಷನರಿ ಊರವರ ಪುರಾಣ, ಪದಗಳ ಕಡೆ ತಿರುಗಿಯೂ ನೋಡಬಾರದಿತ್ತು. ಆದದ್ದೇ ಬೇರೆ. ಕಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರೊಬ್ಬರು ನೀಲಗಿರಿಯಲ್ಲಿ ನೆಲೆಸಿದ್ದರು. ಬಾಸೆಲ್ ಮಿಷನ್ನಿನ ದೊಡ್ಡ ದಾನಿ. ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಲು ಅವರು ಹಣ ಕೊಟ್ಟರು. ಹಾಗೆ ಶುರುವಾದದ್ದು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. 1848ರಿಂದ 1853ರೊಳಗೆ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಅದೇ ಬಲ್ಮಠದ ಕಲ್ಲಿನಿಂದ ಹೊರಬಂದವು. ಅಲ್ಲಿಯವರೆಗೆ ಓಲೆಗರಿಯಲ್ಲೋ, ಕೈಬರಹದ ಪುಸ್ತಕದಲ್ಲೋ, ಹಾಡುವವರ ಬಾಯಲ್ಲೋ ಇದ್ದ ಪದಗಳು ಮೊದಲ ಬಾರಿ ಕಾಗದದ ಮೇಲೆ ಒಂದೆಡೆ ಸೇರಿದವು. ಮತ ಬದಲಿಸಲು ಬಂದವನೇ ದಾಸರ ಪದಗಳನ್ನು ಕೂಡಿಸಿ ಉಳಿಸಿದ. ಜನರ ಮನಸ್ಸು ತಿಳಿಯಲು ಅವರ ಹಾಡು ತಿಳಿಯಬೇಕು ಎಂಬ ಲೆಕ್ಕಾಚಾರ ಅದರಲ್ಲಿ ಇದ್ದಿರಬಹುದು. ಲೆಕ್ಕಾಚಾರವಷ್ಟೇ ಆಗಿದ್ದರೆ ಇಷ್ಟು ವರ್ಷ, ಇಷ್ಟು ಪುಟ ಸಾಗುತ್ತಿರಲಿಲ್ಲ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

1852ರ ಹೊತ್ತಿಗೆ ಮೋಗ್ಲಿಂಗ್ ದಣಿದಿದ್ದರು. ಯುರೋಪಿಗೆ ಹಿಂತಿರುಗುವ ಮನಸ್ಸು ಮಾಡಿದ್ದರು. ಆಗ ಕೊಡಗಿನ ಆಳ್ಮಂಡ ಮನೆತನದ ಸೋಮಯ್ಯ ಎಂಬುವರು ಮಂಗಳೂರಿಗೆ ಬಂದು, ತಾನು ಕ್ರೈಸ್ತನಾಗಬೇಕೆಂದು ಕೇಳಿಕೊಂಡರು. ಯಾರೂ ಕರೆಯದೆ, ಘಟ್ಟ ಇಳಿದು, ತಾನಾಗಿ ಬಂದ ಒಬ್ಬ ಮನುಷ್ಯ. ಊರಿಗೆ ಹೋಗುವ ಯೋಚನೆ ಅಲ್ಲಿಗೇ ನಿಂತಿತು. ಸೋಮಯ್ಯನವರ ಜೊತೆ ಮೋಗ್ಲಿಂಗ್ ಘಟ್ಟ ಹತ್ತಿದರು. ಇದು ದೇವರು ತೋರಿದ ದಾರಿ ಎಂದೇ ಅವರ ನಂಬಿಕೆ. ನಮ್ಮ ಅಜ್ಜಿಯಾದರೆ ಋಣಾನುಬಂಧ ಎನ್ನುತ್ತಿದ್ದರು. ಹೆಸರು ಏನೇ ಇರಲಿ, ಹೊರಡಲು ಗಂಟು ಕಟ್ಟಿದವನನ್ನು ಬಾಗಿಲಿಗೆ ಬಂದ ಒಬ್ಬ ಅಪರಿಚಿತ ಎಂಟು ವರ್ಷ ನಿಲ್ಲಿಸಿಕೊಂಡ.

ಮೊದಲಿಗೆ ಕೊಡಗು ಬಾಸೆಲ್ ಮಿಷನ್ನಿನ ಕೇಂದ್ರವಾಗಿರಲಿಲ್ಲ. ಮೋಗ್ಲಿಂಗ್ ತಾವೇ ಹೊಣೆ ಹೊತ್ತು ಕೆಲಸ ಶುರುಮಾಡಿದರು, ಮಿಷನ್ ಆಮೇಲೆ ವಹಿಸಿಕೊಂಡಿತು. ಸೋಮಯ್ಯನವರಿಗೆ ಸ್ವಂತ ಕುಲದವರ ವಿರೋಧ ಎದುರಾಯಿತು. ಒಡೆಯರ ಭೂಮಿಗೆ ಕಟ್ಟುಬಿದ್ದ ಜೀತದಾಳುಗಳಾಗಿದ್ದ ಹೊಲೆಯ ಜನರಿಗಾಗಿ ಆನಂದಪುರ ಎಂಬ ಹಳ್ಳಿ ಎದ್ದಿತು. ಅದು ಇಂದಿಗೂ ಇದೆ. ಕೊಡಗಿನ ಚರಿತ್ರೆ, ಜನಜೀವನದ ಬಗ್ಗೆ ಮೋಗ್ಲಿಂಗ್ ಬರೆದ ಇಂಗ್ಲಿಷ್ ಪುಸ್ತಕ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು.

ಅದೇ ವರ್ಷ, ಮುಂಬಯಿಯಿಂದ ಅಚ್ಚಿನ ಯಂತ್ರ ತಂದಿದ್ದ ವೈಗಲ್ ತೀರಿಕೊಂಡರು. ಹೆಂಡತಿ ಪೌಲಿನಾ, ನಾಲ್ಕು ಮಕ್ಕಳು. ಮೋಗ್ಲಿಂಗ್ ಅಲ್ಲಿಯವರೆಗೂ ಮದುವೆಯಾಗಿರಲಿಲ್ಲ, ನಲವತ್ತು ದಾಟಿತ್ತು. ಮುಂದೆ ಅವರು ಪೌಲಿನಾರನ್ನು ಮದುವೆಯಾಗಿ ಗೆಳೆಯನ ಮಕ್ಕಳಿಗೆ ತಂದೆಯಾದರು. ಪತ್ರಿಕಾ ದಿನದ ಭಾಷಣಗಳಲ್ಲಿ ಈ ಸಂಗತಿ ಬರುವುದಿಲ್ಲ. ನನಗೆ ಮಾತ್ರ ಅವರು ಮಾಡಿದ ಎಲ್ಲ ಕೆಲಸಗಳ ಸಾಲಿನಲ್ಲಿ ಇದನ್ನೂ ಇಡಬೇಕು ಎನಿಸುತ್ತದೆ.

1860ರಲ್ಲಿ ಅವರು ಭಾರತ ಬಿಟ್ಟರು, ಮತ್ತೆ ಬರಲಿಲ್ಲ. ಕನ್ನಡ ಮಾತ್ರ ಜೊತೆಗೇ ಹೋಯಿತು. ಅದೇ ವರ್ಷದಿಂದ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯೆಯ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದರು. ಎಪ್ಪತ್ತರ ದಶಕದಲ್ಲಿ ಜೈಮಿನಿ ಭಾರತದ ಭಾಗಗಳೂ ಬಂದವು. ಕನ್ನಡ ಮಾತಾಡುವವರು ಯಾರೂ ಸುತ್ತ ಇಲ್ಲದ ಊರಲ್ಲಿ ಕೂತು ಲಕ್ಷ್ಮೀಶನನ್ನು ಓದುತ್ತಿದ್ದ ಮುದುಕನನ್ನು ಹೊರನಾಡ ಕನ್ನಡಿಗರಾದ ನಾವು ಸುಲಭವಾಗಿ ಊಹಿಸಿಕೊಳ್ಳಬಲ್ಲೆವು. 1881ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ಅವರು ತೀರಿಕೊಂಡರು. ಮರುವರ್ಷ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಬರೆದು ಪ್ರಕಟಿಸಿದರು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಆ ಇಬ್ಬರು ಮರಾಠಿ ಕೆಲಸಗಾರರು. ಅವರಿಗೆ ಮಂಗಳೂರು ಪರವೂರು, ಕನ್ನಡ ಪರಭಾಷೆ. ಅವರ ಕೆಲಸದಿಂದ ನಮ್ಮ ಭಾಷೆಗೆ ಒಂದು ಅಚ್ಚುಕೂಟ ಸಿಕ್ಕಿತು.

ನಾನು ಬೇಲಾಪುರಕ್ಕೆ ಬಂದ ಮೊದಲ ಮಳೆಗಾಲದಲ್ಲಿ ಒಂದು ರಾತ್ರಿ ಲೋಕಲ್ ನಿಂತು, ಮೊಣಕಾಲು ನೀರಲ್ಲಿ ನಡೆದು ಮನೆ ಸೇರಿದಾಗ ಕರೆಂಟ್ ಇರಲಿಲ್ಲ, ಅಡುಗೆಯೂ ಇರಲಿಲ್ಲ. ಮೇಲಿನ ಮನೆಯ ಆಜಿ ಬಾಗಿಲು ತಟ್ಟಿ ಬಿಸಿ ಪಿಠಲೆ–ಭಾಕರಿ ಕೊಟ್ಟು ಹೋದರು. ಏನೋ ಹೇಳಿದರು, ನನಗೆ ಅರ್ಧ ಅರ್ಥವಾಯಿತು. ಹಿಂದಿಯಲ್ಲಿ ತೊದಲಿದೆ. ಅದಾಗಿ ಏಳು ವರ್ಷ. ಈಗಲೂ ಅವರ ಜೊತೆ ಹಿಂದಿಯಲ್ಲೇ ಮಾತಾಡುತ್ತೇನೆ. ಅವರು ಪಾಪ, ನನಗಾಗಿ ಹಿಂದಿಗೆ ಹೊರಳುತ್ತಾರೆ.

ಕಳೆದ ವಾರ ಲೈಬ್ರರಿಯಿಂದ ಮಕ್ಕಳ ಮರಾಠಿ ಪಾಠಪುಸ್ತಕ ತಂದಿದ್ದೇನೆ. ಲಿಪಿಯ ಕಷ್ಟವಿಲ್ಲ, ಹಿಂದಿಯದ್ದೇ ಲಿಪಿ. ಕಷ್ಟವಿರುವುದು ನಾಲಿಗೆಗೆ. ಭಾನುವಾರ ಆಜಿಯ ಮನೆಗೆ ಹೋಗಿ ಒಂದು ಪುಟ ಓದಿ ಹೇಳಿದೆ. ನಾಲ್ಕು ಕಡೆ ನಕ್ಕರು, ಎಂಟು ಕಡೆ ತಿದ್ದಿದರು, ಬರುವ ಭಾನುವಾರ ಮುಂದಿನ ಪುಟ ಎಂದರು.