ಕರ್ನಲ್ ರಾಮನಾಥ ಚೋಪ್ರಾ ಅವರು

ಕರ್ನಲ್ ರಾಮನಾಥ ಚೋಪ್ರಾ ಅವರು 1882ನೆಯ ಇಸವಿಯಲ್ಲಿ ಪಂಜಾಬಿನ ಗುಜ್ರನ್‌ವಾಲಾದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ವೈದ್ಯವನ್ನೂ ಔಷಧಗುಣಶಾಸ್ತ್ರವನ್ನೂ ವ್ಯಾಸಂಗ ಮಾಡಿ, 1921ರಲ್ಲಿ ಕಲಕತ್ತೆಯ ಉಷ್ಣದೇಶೀಯ ರೋಗಗಳ ವೈದ್ಯಶಾಲೆಯಲ್ಲಿ ಆ ಶಾಸ್ತ್ರದ ಪ್ರಾಧ್ಯಾಪಕರಾದರು.

ಆಗ ಪಾಶ್ಚಾತ್ಯ ವೈದ್ಯವನ್ನು ಕಲಿತವರಲ್ಲಿ ಹಲವರು ನಾಟುಮದ್ದೆಂದರೆ ಮೂಗು ಮುರಿಯುತ್ತಿದ್ದರು. ದೇಶೀಯ ವೈದ್ಯರಲ್ಲಿ ಹಲವರು ಗ್ರಂಥೋಕ್ತವಾದುದನ್ನು ಪರೀಕ್ಷಿಸುವುದೇ ಅಪಚಾರವೆಂದು ಬಗೆದಿದ್ದರು. ಚೋಪ್ರಾ ಅವರು ಎರಡು ಪಕ್ಷಕ್ಕೂ ಸೇರದೆ, ಬೇರು ತೊಗಟೆಗಳ ಸತ್ತ್ವವನ್ನು ಬೇರ್ಪಡಿಸಿ ಗುಣವನ್ನು ಒರೆಗೆ ಹಚ್ಚಿದರು. ಅನೇಕ ಮೂಲಿಕೆಗಳು ತಮ್ಮ ಕೀರ್ತಿಗೆ ತಕ್ಕ ಫಲವನ್ನು ತೋರಲಿಲ್ಲ. ಅದನ್ನೂ ಮರೆಮಾಚದೆ ಬರೆದರು. ಇದು ಸಣ್ಣ ಧೈರ್ಯವಲ್ಲ.

ಆದರೆ ಉನ್ಮಾದಕ್ಕೂ ನಿದ್ರಾನಾಶಕ್ಕೂ ದೇಶೀಯ ವೈದ್ಯರು ಕೊಡುತ್ತಿದ್ದ ಸರ್ಪಗಂಧದ ಬೇರು, ಅಂದರೆ ಕನ್ನಡನಾಡಿನ ಸೂತ್ರನಾಭಿ, ಪರೀಕ್ಷೆಯಲ್ಲಿ ಗೆದ್ದಿತು. ಅದು ರಕ್ತದ ಒತ್ತಡವನ್ನು ಇಳಿಸುವುದೆಂದೂ ಶಮನಕಾರಿಯೆಂದೂ ಅವರು ಸಹೋದ್ಯೋಗಿಗಳೊಡನೆ 1933ರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದ ಬಳಿಕ ಆ ಬೇರು ಜಗತ್ತಿಗೇ ಬೇಕಾಯಿತು. ಮನಸ್ಸಿಗೆ ವಿಷಾದವನ್ನು ತರಬಹುದೆಂಬ ಅದರ ದೋಷವೂ ಬಳಕೆಯಿಂದಲೇ ತಿಳಿದುಬಂದಿತು.

ಮದ್ದೇ ಸಾಚಾ ಇಲ್ಲದಿದ್ದರೆ ವೈದ್ಯನ ಪಾಂಡಿತ್ಯವೇನು ಮಾಡೀತು? 1930-31ರಲ್ಲಿ ಸರಕಾರದ ಔಷಧ ವಿಚಾರಣಾ ಸಮಿತಿಗೆ ಅಧ್ಯಕ್ಷರಾಗಿದ್ದ ಅವರು, ಕಲಬೆರಕೆಯ ಮತ್ತು ಸತ್ತ್ವಹೀನವಾದ ಮದ್ದುಗಳ ಮಾರಾಟವನ್ನು ಬಯಲಿಗೆಳೆದು ಶಾಸನವನ್ನು ಬೇಡಿದರು. ಅದು 1940ರಲ್ಲಿ ಆಯಿತು. ಒಂಬತ್ತು ವರ್ಷ ಕಾಯಬೇಕಾದುದು ಶೋಚನೀಯ. ಮುಂದೆ ದೇಶೀಯ ವೈದ್ಯಪದ್ಧತಿಗಳ ಸಮಿತಿಯ ಅಧ್ಯಕ್ಷರಾಗಿ, 1948ರ ವರದಿಯಲ್ಲಿ ಉಭಯ ವೈದ್ಯಗಳ ಸಮನ್ವಯವನ್ನು ಸೂಚಿಸಿದರು.

ಜಮ್ಮುವಿನಲ್ಲಿಯೂ ಔಷಧ ಸಂಶೋಧನೆಯನ್ನು ನಡೆಯಿಸಿದ ಅವರು 1973ರಲ್ಲಿ ದೇಹವಿಟ್ಟರು.