ಹುಲಿಯಿಂದಲೇ ಹುಲಿಯ ಫೋಟೋ ತೆಗೆಸಿದ ಚಾಂಪಿಯನ್

ತಾಳವಾಡಿ, ಮುದುಮಲೆ, ವಯನಾಡು ಕಡೆಯ ನಮ್ಮ ರೈತರಿಗೆ ಕಾಡಿನ ಮರಕ್ಕೆ ಕಟ್ಟಿದ ಕ್ಯಾಮೆರಾ ಪೆಟ್ಟಿಗೆ ಹೊಸದಲ್ಲ. ಹುಲಿ ದನ ಹೊಡೆದರೆ ಅರಣ್ಯ ಇಲಾಖೆಯವರು ಇದನ್ನು ಕಟ್ಟಿ, ಬಂದದ್ದು ಯಾವ ಹುಲಿ ಅಂತ ಮೈಮೇಲಿನ ಪಟ್ಟೆ ನೋಡಿ ಗುರುತು ಹಿಡಿಯುವುದುಂಟು. ನಮ್ಮ ದೇಶದಲ್ಲಿ ಈ ವಿದ್ಯೆಗೆ ದಾರಿ ಹಾಕಿಕೊಟ್ಟವರು ಎಫ್. ಡಬ್ಲ್ಯು. ಚಾಂಪಿಯನ್.

ಹುಟ್ಟಿದ್ದು 1893ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಕೀಟಗಳ ಅಧ್ಯಯನ ಮಾಡಿದವರು. 1913ರಲ್ಲಿ ಭಾರತಕ್ಕೆ ಬಂದು ಪೊಲೀಸ್ ಇಲಾಖೆಗೆ ಸೇರಿದ ಚಾಂಪಿಯನ್, ಮೊದಲನೇ ಮಹಾಯುದ್ಧದ ನಂತರ ಸಂಯುಕ್ತ ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿಯಾದರು. ಆಗಿನ ಸಾಹೇಬರುಗಳಿಗೆ ಸತ್ತ ಹುಲಿಯ ಪಕ್ಕ ಕೋವಿ ಹಿಡಿದು ನಿಲ್ಲುವುದೇ ದೊಡ್ಡಸ್ತಿಕೆ. ಇವರಿಗೆ ಅದು ಒಗ್ಗಲಿಲ್ಲ, ಕ್ಯಾಮೆರಾ ಹಿಡಿದರು.

ಆದರೆ ಹುಲಿ ತಿರುಗುವುದು ಹೆಚ್ಚಾಗಿ ರಾತ್ರಿ ಹೊತ್ತು. ಕಣ್ಣಿಗೇ ಕಾಣದ್ದಕ್ಕೆ ಫೋಕಸ್ ಮಾಡುವುದು ಹೇಗೆ? ಸರಿಯಾದ ಗಳಿಗೆಗೆ ಗುಂಡಿ ಒತ್ತುವವರು ಯಾರು? ಇವೆರಡಕ್ಕೂ ಚಾಂಪಿಯನ್ ಬಳಸಿದ್ದು ಒಂದು ಸಣ್ಣ ತಂತಿ. ಹಗಲಲ್ಲೇ ಹೆಜ್ಜೆ ನೋಡಿ ಹುಲಿಯ ದಾರಿ ಗೊತ್ತುಮಾಡಿ, ಅಡ್ಡಲಾಗಿ ತಂತಿ ಕಟ್ಟುವುದು. ಹುಲಿ ಎಲ್ಲಿ ಬರಬೇಕೋ ಆ ದೂರಕ್ಕೆ ಮೊದಲೇ ಫೋಕಸ್ ಮಾಡಿಡುವುದು. ಪಕ್ಕದಲ್ಲಿ ಮೆಗ್ನೀಸಿಯಂ ಪುಡಿ. ಕಾಲು ತಂತಿಗೆ ತಗುಲಿದರೆ ಸಾಕು, ಪುಡಿ ಭಗ್ಗನೆ ಉರಿಯಬೇಕು, ಕ್ಯಾಮೆರಾ ಕಣ್ಣು ತೆರೆದು ಮುಚ್ಚಬೇಕು. ಪುಡಿ ಒಂದೇ ಸಲಕ್ಕೆ. ಜಿಂಕೆ ತಂತಿ ಮೆಟ್ಟಿದರೆ ಆ ರಾತ್ರಿಯ ಕೆಲಸ ಮುಗಿದ ಹಾಗೆ!

1925ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಈ ಹುಲಿ ಚಿತ್ರಗಳನ್ನು ಮುಖಪುಟದಲ್ಲೇ ಹಾಕಿತು. 1927ರಲ್ಲಿ ಪುಸ್ತಕ, 1934ರಲ್ಲಿ ಇನ್ನೊಂದು ಬಂತು. ಚಿತ್ರಗಳನ್ನು ಹೋಲಿಸಿ ನೋಡಿದಾಗ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಅನ್ನುವುದು ಅವರಿಗೆ ಖಾತ್ರಿಯಾಯಿತು. ಬೇಟೆಗಾರ ಜಿಮ್ ಕಾರ್ಬೆಟ್ ಕ್ಯಾಮೆರಾ ಕಡೆ ತಿರುಗಿದ್ದೂ ಇವರ ಪ್ರಭಾವದಿಂದಲೇ. 1947ರಲ್ಲಿ ಭಾರತ ಬಿಟ್ಟು ಪೂರ್ವ ಆಫ್ರಿಕಕ್ಕೆ ಹೋದ ಚಾಂಪಿಯನ್ 1970ರಲ್ಲಿ ತೀರಿಕೊಂಡರು.

1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸಿದ್ದು ಇದೇ ಪಟ್ಟೆಯ ಲೆಕ್ಕದಲ್ಲಿ. ಎಡಮೈ, ಬಲಮೈ ಪಟ್ಟೆ ಬೇರೆಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಪೆಟ್ಟಿಗೆ. ತಂತಿ, ಪುಡಿ ಹೋಗಿವೆ. ಈಗ ಮೈಯ ಬಿಸಿ, ಅಲುಗಾಟಕ್ಕೇ ಕ್ಯಾಮೆರಾ ಎಚ್ಚರವಾಗುತ್ತದೆ.

ದನ ಕಳೆದುಕೊಂಡವನ ಸಿಟ್ಟು ಸುಳ್ಳಲ್ಲ. ಆದರೆ ದನ ಹೊಡೆದದ್ದು ತಪ್ಪಿಸಿಕೊಂಡು, ದಾರಿಹೋಕ ಹುಲಿ ಬೋನಿಗೆ ಬಿದ್ದರೆ ಹಟ್ಟಿಗೆ ನೆಮ್ಮದಿ ಎಲ್ಲಿಂದ? ಮರದ ಮೇಲಿನ ಆ ಪೆಟ್ಟಿಗೆಯನ್ನು ಕೀಳದೆ ಬಿಟ್ಟರೆ ಅದು ಕಾಡಿಗಷ್ಟೇ ಅಲ್ಲ, ನಮಗೂ ಸಾಕ್ಷಿ.